ಕರಾಟೆಯ ನಂತರ ಜೂಡೊ: ನನ್ನ ಅನುಭವ

ಶೊಟೊಕಾನ್ ಎಂಬ ಶೈಲಿಯ ಕರಾಟೆಯಲ್ಲಿ ಕಪ್ಪು ಬೆಲ್ಟ್ ಪಡೆದು ಹಲವು ವರ್ಷಗಳಾದ ಮೇಲೆ ನಾನು ಜೂಡೊ ಕಲಿಯತೊಡಗಿದೆ. ಹಳೆಯ ಕಲೆ ಹೊಸದಕ್ಕೆ ನೆರವಾಗುತ್ತದೆಯೋ ಅಡ್ಡಿಯಾಗುತ್ತದೆಯೋ ಎಂದು ಅನೇಕರು ಕೇಳುತ್ತಾರೆ. ನನ್ನ ಮಟ್ಟಿಗೆ ಕಾಲುಗಳು ನೆರವಾದವು, ತೋಳುಗಳು ಬಹುಕಾಲ ಅಡ್ಡಿಯಾದವು.

ಕರಾಟೆಯಲ್ಲಿ ಹೊಡೆತ ಗುರಿ ತಲುಪುವ ಕ್ಷಣಕ್ಕೆ ಇಡೀ ದೇಹವನ್ನು ಬಿಗಿಹಿಡಿಯುವುದನ್ನು ಕಲಿಸುತ್ತಾರೆ; ಇದನ್ನೇ ‘ಕಿಮೆ’ ಎನ್ನುವುದು. ಜೂಡೊದಲ್ಲಿ ಎದುರಾಳಿ ನನ್ನ ಅಂಗಿಯ ತೋಳು ಮತ್ತು ಕೊರಳಪಟ್ಟಿಯನ್ನು ಹಿಡಿದಿರುವುದರಿಂದ, ಮೊಣಕೈಯಲ್ಲಿ ಬಿಗುವು ಬಂದ ಕೂಡಲೇ ನಾನು ಯಾವ ದಿಕ್ಕಿಗೆ ಎಳೆಯಲಿದ್ದೇನೆಂಬುದು ಬಟ್ಟೆಯ ಮೂಲಕವೇ ಅವನಿಗೆ ತಿಳಿದುಬಿಡುತ್ತದೆ. ಹಿಡಿತವನ್ನು ಕಿರುಬೆರಳು ಮತ್ತು ಉಂಗುರಬೆರಳಿನಲ್ಲಿ ಉಳಿಸಿಕೊಂಡು ಉಳಿದ ತೋಳನ್ನು ಸಡಿಲ ಬಿಡುವುದನ್ನು ರೂಢಿಸಿಕೊಂಡ ಮೇಲೆಯೇ ‘ಕುಜುಶಿ’, ಅಂದರೆ ಎದುರಾಳಿಯ ಸಮತೋಲನವನ್ನು ಕೆಡಿಸುವ ಕೆಲಸ, ನನ್ನ ಕೈಗೆ ಹತ್ತಿತು. ಅದು ಹತ್ತುವವರೆಗೆ ನಾನು ಎಸೆಯುತ್ತಿರಲಿಲ್ಲ, ಬರೀ ನೂಕುತ್ತಿದ್ದೆ.

ಕಾಲಿನ ಕಥೆಯೇ ಬೇರೆ. ಕರಾಟೆಯಲ್ಲಿ ಎದುರಾಳಿಯ ಮುಂಗಾಲನ್ನು ಗುಡಿಸಿ ಬೀಳಿಸುವ ಅಭ್ಯಾಸ ನನಗಿತ್ತು. ಆದ್ದರಿಂದ ಜೂಡೊದ ‘ದೆ ಆಶಿ ಬರಾಯಿ’ ಎಂಬ ಪಟ್ಟು ಉಳಿದವುಗಳಿಗಿಂತ ಬೇಗ ಒಲಿಯಿತು. ಎದುರಾಳಿ ಹೆಜ್ಜೆ ಮುಂದಿಡುವಾಗ ಪಾದ ನೆಲಕ್ಕೆ ತಾಗಿರಬೇಕು, ಆದರೆ ದೇಹದ ಭಾರ ಅದರ ಮೇಲೆ ಪೂರ್ತಿ ಕೂತಿರಬಾರದು. ಆ ಅರೆಕ್ಷಣದಲ್ಲಿ ಅಂಗಾಲಿನಿಂದ ಗುಡಿಸಿದರೆ ಬಲ ಬೇಕಾಗುವುದೇ ಇಲ್ಲ. ಆದರೆ ಮುಂಗಾಲಿನ ಮೇಲೆ ಹೆಚ್ಚು ಭಾರ ಹಾಕಿ ಅಗಲವಾಗಿ ನಿಲ್ಲುವ ಕರಾಟೆಯ ‘ಜೆಂಕುತ್ಸು ದಾಚಿ’ ಭಂಗಿಯನ್ನು ಜೂಡೊ ಅಂಕಣದಲ್ಲಿ ಬಿಡಲೇಬೇಕಾಯಿತು. ಅಲ್ಲಿ ನೆಟ್ಟಗೆ, ಹಗುರವಾಗಿ ನಿಲ್ಲುವುದೇ ಕ್ಷೇಮ.

ಮತ್ತೆ ಬಿಳಿ ಬೆಲ್ಟ್ ಕಟ್ಟಿಕೊಳ್ಳಲು ಸಂಕೋಚಪಡುವವರನ್ನು ಕಂಡಿದ್ದೇನೆ. ಕರಾಟೆಯ ಬೆಲ್ಟ್ ಪದ್ಧತಿಯೇ ಜೂಡೊದಿಂದ ಬಂದ ಎರವಲು ಎಂಬುದನ್ನು ಅವರು ನೆನೆಯಬೇಕು. 1882ರಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆಯನ್ನು ಸ್ಥಾಪಿಸಿದ, ಜೂಡೊದ ಜನಕ ಜಿಗೊರೊ ಕಾನೊ ಅವರು 1922ರಲ್ಲಿ ಶೊಟೊಕಾನ್ ಕರಾಟೆಯ ಮೂಲಗುರು ಗಿಚಿನ್ ಫುನಾಕೋಶಿಯವರನ್ನು ಅಲ್ಲಿಗೆ ಕರೆಸಿ ಕರಾಟೆ ಪ್ರದರ್ಶನ ಮಾಡಿಸಿದ್ದರು. ಡಾನ್ ಶ್ರೇಣಿ (ಕಪ್ಪು ಬೆಲ್ಟ್‌ನ ದರ್ಜೆಗಳು) ಮತ್ತು ಬಿಳಿ ಸಮವಸ್ತ್ರ ಕರಾಟೆಗೆ ಬಂದದ್ದು ಜೂಡೊವನ್ನು ನೋಡಿಯೇ. ಸಮವಸ್ತ್ರದ ಮಾತು ಬಂದದ್ದರಿಂದ ಹೇಳುತ್ತೇನೆ: ಕರಾಟೆಯ ತೆಳು ಅಂಗಿಯನ್ನು ತೊಟ್ಟು ಜೂಡೊಗೆ ಹೋಗಬೇಡಿ, ಹಿಡಿದೆಳೆದರೆ ಅದು ಹರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ‘ಉಕೆಮಿ’ಗೆ, ಅಂದರೆ ಬೀಳುವ ವಿದ್ಯೆಗೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ದುಂಡಗೆ ಮಾಡಿ, ತೋಳನ್ನು ದೇಹದಿಂದ ಓರೆಯಾಗಿ ಚಾಚಿ ಅಂಗೈಯಿಂದ ಮೊಣಕೈವರೆಗಿನ ಭಾಗದಿಂದ ಒಮ್ಮೆಲೇ ನೆಲಕ್ಕೆ ಬಡಿಯಬೇಕು. ಬೀಳುವಾಗ ಕೈಯೂರಿ ತಡೆಯಲು ಹೋದರೆ ಮಣಿಕಟ್ಟಿಗೋ ಭುಜಕ್ಕೋ ಪೆಟ್ಟಾಗುವುದು ಬಹುತೇಕ ಖಚಿತ. ನಿಂತೇ ಹೋರಾಡಿ ರೂಢಿಯಿದ್ದವರಿಗೆ ಬೀಳುವುದೆಂದರೆ ಸೋಲು ಎಂಬ ಭಾವನೆ ಬೇರೂರಿರುತ್ತದೆ. ಹಾಗಾಗಿ ಬೀಳಬಾರದೆಂದು ಸೆಟೆದು ನಿಂತು ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ಎರಡೂ ಬದಿಗೆ ಯೋಚಿಸದೆಯೇ ಬೀಳಲು ಬರುವವರೆಗೆ ‘ರಂದೋರಿ’ ಎಂಬ ಮುಕ್ತ ಅಭ್ಯಾಸಕ್ಕೆ ಇಳಿಯದಿರುವುದು ಒಳ್ಳೆಯದು, ಹಳೆಯ ಬೆಲ್ಟ್ ಯಾವ ಬಣ್ಣದ್ದಾಗಿದ್ದರೂ ಸರಿ.