ಪಿಡಿ-ಎಲ್1 ಪ್ರೋಟೀನ್: ರೇಟಿಗಿಂತ ಮೊದಲು ಟ್ಯಾಗ್ ನೋಡಿ

ರಿಕಾಂಬಿನೆಂಟ್ (ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಿಂದ ಮಾಡಿಸಿದ) ಪಿಡಿ-ಎಲ್1 ಪ್ರೋಟೀನ್ ತರಿಸುವಾಗ ಎಲ್ಲರೂ ಮೊದಲು ರೇಟು ನೋಡುತ್ತಾರೆ. ನಾನು ನೋಡುವುದು ಟ್ಯಾಗ್, ಅಂದರೆ ಪ್ರೋಟೀನಿನ ತುದಿಗೆ ಸೇರಿಸಿದ ಹೆಚ್ಚುವರಿ ತುಂಡು. ನನ್ನ ಕೆಲಸ ಇಷ್ಟೇ: ಟಿ-ಕೋಶದ (ರೋಗನಿರೋಧಕ ಕೋಶದ) ಮೇಲಿನ ಪಿಡಿ-1 ಮತ್ತು ಪಿಡಿ-ಎಲ್1 ಕೂಡಿಕೊಳ್ಳುವುದನ್ನು ಯಾವ ಆಂಟಿಬಾಡಿ ತಡೆಯುತ್ತದೆ ಅಂತ ಎಲೈಸಾದಲ್ಲಿ (ಪ್ಲೇಟಿನ ಬಾವಿಗಳಲ್ಲಿ ಬಣ್ಣ ಬರಿಸಿ ಅಳೆಯುವ ಪರೀಕ್ಷೆ) ನೋಡುವುದು. ಕ್ಯಾನ್ಸರ್ ಕೋಶ ತನ್ನ ಮೈಮೇಲಿನ ಪಿಡಿ-ಎಲ್1ನಿಂದಲೇ ಟಿ-ಕೋಶದ ಬ್ರೇಕ್ ಒತ್ತುತ್ತದೆ ಅಲ್ವಾ, ಇಂಥ ಬ್ರೇಕ್ ಬಿಡಿಸುವ ದಾರಿ ತೋರಿಸಿದ್ದಕ್ಕೇ ಹೊಂಜೊ ಮತ್ತು ಆಲಿಸನ್ ಅವರಿಗೆ 2018ರ ನೊಬೆಲ್ ಬಂದದ್ದು.

ಈ ಎರಡು ಪ್ರೋಟೀನ್‌ಗಳ ಹಿಡಿತ ತೀರಾ ಸಡಿಲ, ಮೈಕ್ರೋಮೋಲಾರ್ ಲೆಕ್ಕದ್ದು. ಎರಡೂ ಕಡೆ ಬರೀ ಹಿಸ್-ಟ್ಯಾಗ್ (ಹಿಸ್ಟಿಡಿನ್‌ಗಳ ಚಿಕ್ಕ ಸಾಲು) ಇದ್ದರೆ ಅವು ಒಂಟಿ ಒಂಟಿ ಅಣುಗಳು, ಪ್ಲೇಟ್ ತೊಳೆಯುವಾಗಲೇ ಬಹುಪಾಲು ಕಳಚಿಕೊಂಡು ಹೋಗುತ್ತವೆ. ಎಫ್‌ಸಿ-ಟ್ಯಾಗ್ (ಆಂಟಿಬಾಡಿಯ ಬುಡದ ಭಾಗ) ಇದ್ದರೆ ಜೋಡಿಯಾಗಿರುತ್ತವೆ. ಒಂದು ಕೈ ಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ. ಹಾಗಾಗಿ ಪ್ಲೇಟಿಗೆ ಪಿಡಿ-ಎಲ್1 ಎಫ್‌ಸಿ, ಮೇಲೆ ಬಯೋಟಿನ್ ಹಚ್ಚಿದ ಪಿಡಿ-1 ಎಫ್‌ಸಿ, ಆಮೇಲೆ ಬಯೋಟಿನ್ ಹಿಡಿದು ಬಣ್ಣ ಬರಿಸುವ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ. ಆದರೆ ಮಾನವ ಆಂಟಿಬಾಡಿ ನೇರವಾಗಿ ಅಂಟುತ್ತದಾ ನೋಡಬೇಕಿದ್ದರೆ ಹಿಸ್-ಟ್ಯಾಗ್‌ದೇ ಬೇಕು, ಇಲ್ಲದಿದ್ದರೆ ಮಾನವ ಆಂಟಿಬಾಡಿಯನ್ನು ಪತ್ತೆ ಹಚ್ಚುವ ಸೆಕೆಂಡರಿ ಆಂಟಿಬಾಡಿ ಪ್ಲೇಟಿನಲ್ಲಿರುವ ಎಫ್‌ಸಿಯನ್ನೇ ಹಿಡಿದು ಎಲ್ಲ ಬಾವಿಗಳೂ ಹಳದಿ.

ಪ್ರೋಟೀನ್ ಪುಡಿ ಬಂದ ಕೂಡಲೇ ವಯಲ್ ತೆರೆಯಬೇಡಿ. ಮೊದಲು ಒಂದು ಸುತ್ತು ಸ್ಪಿನ್ ಮಾಡಿ, ಪುಡಿ ಮುಚ್ಚಳಕ್ಕೂ ಅಂಟಿರುತ್ತದೆ. ಕರಗಿಸಲು ಏನು, ಎಷ್ಟು ಅನ್ನೋದು ಆ ಲಾಟಿನ (ಒಂದು ಬಾರಿ ತಯಾರಿಸಿದ ಕಂತಿನ) ಹಾಳೆಯಲ್ಲೇ ಇರುತ್ತದೆ. ವೋರ್ಟೆಕ್ಸ್ ಬೇಡ, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ. ಚಿಕ್ಕ ಚಿಕ್ಕ ಆಲಿಕ್ವಾಟ್ (ಪಾಲು) ಮಾಡಿ -80 ಡಿಗ್ರಿಯಲ್ಲಿ ಇಡುತ್ತೇನೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವುದಿಲ್ಲ. ತೆಳು ಮಾಡಿದ ದ್ರಾವಣಕ್ಕೆ 0.1% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಹಾಕಿದರೆ ಟ್ಯೂಬಿನ ಗೋಡೆಗೆ ಅಂಟಿ ಕಳೆದುಹೋಗುವುದು ಕಡಿಮೆ. ಪ್ಲೇಟಿಗೆ ಪ್ರೋಟೀನ್ ಅಂಟಿಸುವ ಕೋಟಿಂಗ್‌ಗೆ ಮಾತ್ರ ಬಿಎಸ್‌ಎ ಇಲ್ಲದ್ದೇ ಆಗಬೇಕು, ಪ್ಲೇಟಿನ ಜಾಗವನ್ನೆಲ್ಲ ಅದೇ ತುಂಬಿಬಿಡುತ್ತದೆ. ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ಮಿಲಿಲೀಟರಿಗೆ 1ರಿಂದ 2 ಮೈಕ್ರೋಗ್ರಾಂ, ರಾತ್ರಿಯಿಡೀ 4 ಡಿಗ್ರಿಯಲ್ಲಿ. ನನಗೆ ಇದು ಸಾಕಾಗಿದೆ.

ಪ್ರೋಟೀನಿನ ಗಾತ್ರ ನೋಡುವ ಜೆಲ್ ನೋಡಿ ಹೊಸಬರು ಗಾಬರಿಯಾಗುತ್ತಾರೆ. ಹಿಸ್-ಟ್ಯಾಗ್ ಪಿಡಿ-ಎಲ್1 ಲೆಕ್ಕದಲ್ಲಿ ಸುಮಾರು 26 ಕಿಲೋಡಾಲ್ಟನ್, ಬ್ಯಾಂಡ್ ಬರುವುದು 35ರ ಮೇಲೆ, ಅದೂ ಹರಡಿಕೊಂಡು. ಪ್ರೋಟೀನ್ ತಯಾರಿಸಿದ ಎಚ್‌ಇಕೆ293 ಎಂಬ ಮಾನವ ಕೋಶಗಳು ಸೇರಿಸಿದ ಸಕ್ಕರೆ ಸರಪಳಿಗಳ ಪ್ರಭಾವ ಅದು. ಅನುಮಾನ ಇದ್ದರೆ ಆ ಸಕ್ಕರೆ ಕತ್ತರಿಸುವ ಕಿಣ್ವ ಪಿಎನ್‌ಗೇಸ್ ಎಫ್ ಹಾಕಿ ನೋಡಿ, ಬ್ಯಾಂಡ್ ಕೆಳಗಿಳಿಯುತ್ತದೆ. ಇ. ಕೋಲಿಯಲ್ಲಿ ಮಾಡಿದ್ದು ಅಗ್ಗ ನಿಜ, ಆದರೆ ಅದಕ್ಕೆ ಈ ಸಕ್ಕರೆ ಇರುವುದಿಲ್ಲ, ನನ್ನ ಕೆಲಸಕ್ಕೆ ನಾನು ಮುಟ್ಟುವುದಿಲ್ಲ.

ಹೊಸ ಲಾಟ್ ಬಂದಾಗ ಹಳೆಯದನ್ನೂ ಅದೇ ಪ್ಲೇಟಿನಲ್ಲಿ ಹಾಕಿ, ಅಟೆಜೋಲಿಜುಮಾಬ್‌ನಂಥ ಗೊತ್ತಿರುವ ತಡೆಗಾರನ ಜತೆ. ಎರಡು ಲಾಟುಗಳ ಗ್ರಾಫಿನ ಗೆರೆಗಳೂ ಒಂದರ ಮೇಲೊಂದು ಕೂತರೆ ಮಾತ್ರ ಹಳೆಯದನ್ನು ಖಾಲಿ ಮಾಡಿ.