ಒಂದು ವೀಕೆಂಡ್, ಒಂದೇ ಕಣಿವೆ: ಕ್ಲಾಸ್‌ಮೇಟ್‌ಗಳ ಜೊತೆ ಸ್ಯಾಕ್ಸನ್ ಸ್ವಿಟ್ಜರ್‌ಲೆಂಡ್

ಯೂರೋಪಿಗೆ ಓದಲು ಬಂದ ಹೊಸದರಲ್ಲಿ ಎಲ್ಲರಿಗೂ ಒಂದು ಆಸೆ ಇರುತ್ತದೆ. ಶುಕ್ರವಾರ ರಾತ್ರಿ ಬಸ್ ಹತ್ತಬೇಕು, ಶನಿವಾರ ಪ್ರಾಗ್, ಭಾನುವಾರ ವಿಯೆನ್ನಾ, ಸೋಮವಾರ ಬೆಳಿಗ್ಗೆ ನೇರ ಕ್ಲಾಸಿಗೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಮ್ಮ ಬ್ಯಾಚಿನವರೂ ಅಂಥದ್ದೇ ಪ್ಲಾನ್ ಹಾಕುತ್ತಿದ್ದರು. ನಾನು ಬೇಡ ಅಂದೆ. ಅರ್ಧ ಸಮಯ ಬಸ್ಸಿನಲ್ಲಿ ನಿದ್ದೆಗೆಟ್ಟು ಕೂತರೆ ಊರೂ ದಕ್ಕುವುದಿಲ್ಲ, ಜೊತೆಗಿದ್ದವರೂ ದಕ್ಕುವುದಿಲ್ಲ. ಹತ್ತಿರದಲ್ಲೇ ಒಂದು ಜಾಗ ಹಿಡಿದು ಅಲ್ಲೇ ಎರಡು ದಿನ ನಡೆಯೋಣ ಅಂತ ಹೇಳಿದೆ. ಹಾಗೆ ಹೊರಟಿದ್ದು ಎಲ್ಬೆ ನದಿಯ ಕಣಿವೆಗೆ. ಡ್ರೆಸ್ಡೆನ್‌ ದಾಟಿ ಚೆಕ್ ಗಡಿಯ ಕಡೆ ಹೋದರೆ ಸಿಗುವ ಮರಳುಗಲ್ಲಿನ ಬೆಟ್ಟಗಳ ಸೀಮೆ ಅದು. ಹೆಸರು ಸ್ಯಾಕ್ಸನ್ ಸ್ವಿಟ್ಜರ್‌ಲೆಂಡ್. ಸ್ವಿಟ್ಜರ್‌ಲೆಂಡಿಗೂ ಅದಕ್ಕೂ ಸಂಬಂಧ ಇಷ್ಟೇ: 18ನೇ ಶತಮಾನದಲ್ಲಿ ಡ್ರೆಸ್ಡೆನ್‌ಗೆ ಬಂದ ಇಬ್ಬರು ಸ್ವಿಸ್ ಚಿತ್ರಕಾರರಿಗೆ, ಏಡ್ರಿಯನ್ ಝಿಂಗ್ ಮತ್ತು ಆಂಟನ್ ಗ್ರಾಫ್‌ಗೆ, ಈ ಬೆಟ್ಟಗಳನ್ನು ನೋಡಿ ತಮ್ಮ ದೇಶ ನೆನಪಾಯಿತಂತೆ.

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ, ಸ್ಟೂಡೆಂಟ್ಸ್ ಕೇಳುವುದೇ ಅದನ್ನು. ಜರ್ಮನಿಯ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರಿಂದ 63. ಅನೇಕ ಯೂನಿವರ್ಸಿಟಿಗಳ ಸೆಮಿಸ್ಟರ್ ಫೀಸಿನಲ್ಲೇ ಇದರ ಅಗ್ಗದ ರೂಪ ಸೇರಿರುತ್ತದೆ. ಅದು ಕೈಯಲ್ಲಿದ್ದರೆ ದೇಶದ ಯಾವ ರೀಜನಲ್ ರೈಲಿಗೂ ಬೇರೆ ಟಿಕೆಟ್ ಬೇಡ. ಆದರೆ ಐಸಿಇ, ಐಸಿ ಅನ್ನುವ ದೂರದ ವೇಗದ ರೈಲು ಹತ್ತುವ ಹಾಗಿಲ್ಲ. ಲೈಪ್‌ಜಿಗ್‌ನಿಂದ ಡ್ರೆಸ್ಡೆನ್‌ಗೆ ಎರಡೂ ಥರದ ರೈಲು ಓಡುತ್ತವೆ, ಹಾಗಾಗಿ ಪ್ಲಾಟ್‌ಫಾರ್ಮ್ ಬೋರ್ಡಿನಲ್ಲಿ ಆರ್‌ಇ, ಅಂದರೆ ರೀಜನಲ್ ರೈಲು, ಅಂತ ಇರುವುದನ್ನು ನೋಡಿಯೇ ಹತ್ತಬೇಕು. ಆ ಟಿಕೆಟ್ ಇಲ್ಲದವರು ಗುಂಪಿನಲ್ಲಿದ್ದರೆ ಈ ರಾಜ್ಯದ ಹೆಸರಿನ ಸ್ಯಾಕ್ಸನಿ ಟಿಕೆಟ್ ಇದೆ. ಐದು ಜನದವರೆಗೆ ಒಟ್ಟಿಗೆ ಒಂದೇ ಟಿಕೆಟಿನಲ್ಲಿ ಇಡೀ ದಿನ ಓಡಾಡಬಹುದು.

ರೀಜನಲ್ ರೈಲಿನಲ್ಲಿ ಡ್ರೆಸ್ಡೆನ್‌ಗೆ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಜರ್ಮನಿಯ ಮೊದಲ ದೂರದ ರೈಲು ಮಾರ್ಗ ಇದೇ, 1839ರಲ್ಲಿ ಪೂರ್ತಿ ತೆರೆಯಿತು. ಅಲ್ಲಿಂದ ಎಸ್1 ಲೋಕಲ್ ಹಿಡಿದರೆ ಮುಕ್ಕಾಲು ಗಂಟೆಯೊಳಗೆ ರಾಥೆನ್, ನಾವು ಇಳಿಯಬೇಕಿದ್ದ ನದಿ ದಡದ ಊರು.

ನಮ್ಮ ಗುಂಪಿನಲ್ಲಿ ನನ್ನ ಜೊತೆ ಕೊಲಂಬಿಯಾದವನೊಬ್ಬ, ಟರ್ಕಿಯ ಇಬ್ಬರು ಹುಡುಗಿಯರು, ಕೇರಳದ ಗೆಳತಿ, ಮತ್ತೆ ಒಬ್ಬ ಜರ್ಮನ್ ಹುಡುಗ. ಈ ಜರ್ಮನ್ ಹುಡುಗ ಚಿಕ್ಕಂದಿನಿಂದ ಇದೇ ಬಂಡೆಗಳನ್ನು ಹತ್ತುತ್ತಾ ಬೆಳೆದವನು. ಕ್ಲಾಸಿನಲ್ಲಿ ಮಾತು ಕಮ್ಮಿ. ರೈಲು ಪಿರ್ನಾ ದಾಟಿ ನದಿಯ ಪಕ್ಕಕ್ಕೆ ಬರುತ್ತಿದ್ದಂತೆ ಬಾಯಿ ಬಿಟ್ಟವನು ಎರಡು ದಿನ ನಿಲ್ಲಿಸಲೇ ಇಲ್ಲ.

ರಾಥೆನ್‌ನಲ್ಲಿ ಸ್ಟೇಷನ್ ಒಂದು ದಡ, ನಾವು ನಡೆಯಬೇಕಿದ್ದ ದಾರಿ ಆಚೆ ದಡ. ಮಧ್ಯೆ ಸೇತುವೆ ಇಲ್ಲ. ಫೆರ್ರಿಯಲ್ಲೇ ದಾಟಬೇಕು, ಚಿಲ್ಲರೆ ಇಟ್ಟುಕೊಂಡಿರಿ. ಈ ಫೆರ್ರಿಯನ್ನು ನಾನು ಮರೆಯುವುದಿಲ್ಲ. ದಾಟಲು ಅದಕ್ಕೆ ಎಂಜಿನ್ ಬೇಕಿಲ್ಲ. ನದಿಯ ಮೇಲ್ಭಾಗದಲ್ಲಿ, ದೂರದಲ್ಲಿ, ನದಿಯ ತಳಕ್ಕೆ ಲಂಗರು ಹಾಕಿ ಉದ್ದನೆಯ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅದರ ಇನ್ನೊಂದು ತುದಿ ದೋಣಿಗೆ. ದೋಣಿಯವನು ಹಗ್ಗವನ್ನು ಒಂದು ಕಡೆ ಬಿಗಿಮಾಡಿ ದೋಣಿಯನ್ನು ಸ್ವಲ್ಪ ಓರೆ ಮಾಡುತ್ತಾನೆ. ಆಗ ಹರಿವು ಅದರ ಪಕ್ಕಕ್ಕೆ ಬಡಿದು ಅಡ್ಡಕ್ಕೆ ತಳ್ಳುತ್ತದೆ. ಹಗ್ಗ ಕೆಳಕ್ಕೆ ತೇಲಿಹೋಗಲು ಬಿಡುವುದಿಲ್ಲ. ಹಾಗಾಗಿ ದೋಣಿಗೆ ಉಳಿಯುವ ದಾರಿ ಒಂದೇ, ಆಚೆ ದಡ. ವಾಪಸ್ ಬರುವಾಗ ಓರೆಯನ್ನು ಇನ್ನೊಂದು ಕಡೆಗೆ ತಿರುಗಿಸಿದರೆ ಸಾಕು. ನಾವೆಲ್ಲ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡುತ್ತಿರುವವರು. ಕಟಕಟೆಗೆ ಒರಗಿ ನಿಂತು ಬಲಗಳ ಚಿತ್ರವನ್ನು ಗಾಳಿಯಲ್ಲಿ ಬರೆಯತೊಡಗಿದೆವು. ಪಕ್ಕದಲ್ಲಿ ನೀರು ಚಳಚಳ ಅನ್ನುವುದು ಬಿಟ್ಟರೆ ಸದ್ದೇ ಇಲ್ಲ. ಟರ್ಕಿಯ ಗೆಳತಿ ಮತ್ತೊಮ್ಮೆ ಹೋಗಿ ಬರೋಣ್ವಾ ಅಂದಳು.

ದಡದಿಂದ ಬಾಸ್ಟೈ ಅನ್ನುವ ಬಂಡೆಗಳ ನೆತ್ತಿಗೆ ಅರ್ಧ ಗಂಟೆಯ ಮೇಲೆ ಏರು ದಾರಿ, ಜಾಸ್ತಿ ಮೆಟ್ಟಿಲು. ಮೇಲೆ ಬಂಡೆಯಿಂದ ಬಂಡೆಗೆ ಹಾಯಿಸಿದ ಕಲ್ಲಿನ ಸೇತುವೆ ಇದೆ. 1826ರಲ್ಲಿ ಮರದ್ದಿತ್ತು, 1851ರಲ್ಲಿ ಮರಳುಗಲ್ಲಿನಲ್ಲಿ ಕಟ್ಟಿದರು. ಏಳು ಕಮಾನು, 76.5 ಮೀಟರ್ ಉದ್ದ. ಎಲ್ಬೆ ನದಿ ಅಲ್ಲಿಂದ 194 ಮೀಟರ್ ಕೆಳಗೆ. ಸೇತುವೆಗೆ ಟಿಕೆಟ್ ಇಲ್ಲ. ಪಕ್ಕದ ಹಳೇ ಕೋಟೆಯ ಅವಶೇಷಕ್ಕೆ ಮಾತ್ರ ಸಣ್ಣ ಟಿಕೆಟ್ ಇದೆ. ಸೇತುವೆಗಿಂತ ನನಗೆ ಹಿಡಿಸಿದ್ದು ಆ ಕಲ್ಲು. ಹತ್ತಿರ ಹೋಗಿ ನೋಡಿದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗುಳಿಗಳು. ಬೆರಳಿನಿಂದ ಸವರಿದರೆ ಮರಳು ಉದುರುತ್ತದೆ. ಡೈನೋಸಾರ್‌ಗಳ ಕಾಲದಲ್ಲಿ, ಸುಮಾರು 10 ಕೋಟಿ ವರ್ಷಗಳ ಹಿಂದೆ, ಇಲ್ಲಿದ್ದ ಸಮುದ್ರದ ತಳದ ಮರಳು ಅದು. ಬಂಡೆಯ ತುದಿಯಲ್ಲಿ ನಿಂತು ಕಣಿವೆ ನೋಡುವ ಕಟ್ಟೆಯ ಕೆಳಗಿನ ಕಲ್ಲೇ ಸವೆದು ಪುಡಿಯಾಗುತ್ತಿದ್ದುದರಿಂದ ಅದನ್ನು 2016ರಲ್ಲಿ ಮುಚ್ಚಿದ್ದರು. 2023ರಲ್ಲಿ ತೆರೆದ ಹೊಸ ಕಟ್ಟೆ ಆ ಬಂಡೆಯ ತುದಿಗೆ ಭಾರ ಹಾಕದೆ ಗಾಳಿಯಲ್ಲಿ ಚಾಚಿ ನಿಂತಿದೆ.

ಒಂದು ಸಲಹೆ. ಬಾಸ್ಟೈಯಲ್ಲಿ ಹತ್ತು ಗಂಟೆಯ ಮೇಲೆ ಟೂರಿಸ್ಟ್ ಬಸ್ಸುಗಳ ಜನ ತುಂಬಿಬಿಡುತ್ತಾರೆ. ಅದಕ್ಕೇ ಬೇಗ ಹೋಗಿ, ಮತ್ತೆ ಬಂದ ದಾರಿಯಲ್ಲೇ ಇಳಿಯಬೇಡಿ. ಶ್ವೇಡೆನ್‌ಲ್ಯೋಷರ್ ಅನ್ನುವ ಕಂದರದಲ್ಲಿ ಇಳಿಯಿರಿ. ಮೂವತ್ತು ವರ್ಷಗಳ ಯುದ್ಧದಲ್ಲಿ, 1639ರಲ್ಲಿ, ಸ್ವೀಡನ್ ಸೈನಿಕರಿಂದ ತಪ್ಪಿಸಿಕೊಳ್ಳಲು ಸುತ್ತಲಿನ ರೈತರು ಇಲ್ಲಿ ಅಡಗಿದ್ದರಂತೆ. ಏಳುನೂರು ಚಿಲ್ಲರೆ ಮೆಟ್ಟಿಲು. ಎರಡು ಗೋಡೆಗಳ ನಡುವೆ ಕೆಲವು ಕಡೆ ಒಬ್ಬರೇ ಹೋಗುವಷ್ಟು ಜಾಗ, ಕಾಲ ಕೆಳಗೆ ತೇವ, ಕಲ್ಲಿನ ಮೇಲೆ ಹಸಿರು ಪಾಚಿ. ಒಳ್ಳೆ ಹಿಡಿತ ಇರುವ ಶೂ ಇಲ್ಲಿ ಬೇಕೇ ಬೇಕು. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ರಾತ್ರಿಗೆ ಮುಂದಿನ ಸ್ಟೇಷನ್ ಕ್ಯೋನಿಗ್‌ಸ್ಟೈನ್‌ನಲ್ಲಿ ಒಂದು ಹಾಸ್ಟೆಲ್ ರೂಮು. ಅಡುಗೆಮನೆ ಇರುವ ಹಾಸ್ಟೆಲ್ಲೇ ಹುಡುಕಿದ್ದೆವು, ಖರ್ಚು ಉಳಿಯುವುದು ಅಲ್ಲೇ. ಶನಿವಾರ ಸಂಜೆಯೇ ಸಾಮಾನು ತಂದಿಡಬೇಕು, ಭಾನುವಾರ ಜರ್ಮನಿಯಲ್ಲಿ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ. ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ಮಾತ್ರ ತೆರೆದಿರುತ್ತದೆ, ಇಂಥ ಸಣ್ಣ ಊರಲ್ಲಿ ಅದೂ ಇಲ್ಲ. ನಾನು ಲೈಪ್‌ಜಿಗ್‌ನಿಂದಲೇ ಚಿತ್ರಾನ್ನದ ಗೊಜ್ಜು ಒಯ್ದಿದ್ದೆ. ಅನ್ನ ಮಾಡಿ ಕಲಸಿದ್ದಷ್ಟೇ ಕೆಲಸ. ಟರ್ಕಿಯವರು ಮಸೂರ್ ಬೇಳೆಯ ಸೂಪ್ ಮಾಡಿದರು, ಪುದೀನ ಹಾಕಿ. ಕೊಲಂಬಿಯಾದವನು ಪಾತ್ರೆ ತೊಳೆಯುವುದು ನನ್ನದು ಅಂತ ಹೇಳಿ ಹಾಗೇ ಮಾಡಿದ. ಅವನ ಅಪ್ಪ ಕಾಫಿ ಬೆಳೆಗಾರರು ಅಂತ ಗೊತ್ತಾಗಿದ್ದು ಅವತ್ತು ರಾತ್ರಿ, ಒಂದು ಸೆಮಿಸ್ಟರ್ ಒಂದೇ ಬೆಂಚಿನಲ್ಲಿ ಕೂತ ಮೇಲೆ.

ಭಾನುವಾರಕ್ಕೆ ನಮ್ಮ ಜರ್ಮನ್ ಗೆಳೆಯ ಸುಲಭದ ಒಂದು ಬಂಡೆ ಹತ್ತಿಸುವುದಾಗಿ ಹೇಳಿದ್ದ. ರಾತ್ರಿ ಮಳೆ ಬಂತು. ಬೆಳಿಗ್ಗೆ ಬಿಸಿಲು ಬಿದ್ದಿತ್ತು, ಮೇಲೆಲ್ಲ ಒಣಗಿದ ಹಾಗೇ ಕಾಣುತ್ತಿತ್ತು. ಆದರೂ ಅವನು ಖಡಾಖಂಡಿತವಾಗಿ ಇಲ್ಲ ಅಂದ. ಒದ್ದೆಯಾದ ಮರಳುಗಲ್ಲಿನ ಗಟ್ಟಿತನ ಕಮ್ಮಿಯಾಗುತ್ತದೆ, ಹಿಡಿದ ತುಣುಕೇ ಮುರಿದು ಕೈಗೆ ಬರಬಹುದು. ಬಂಡೆಗೂ ಕೇಡು, ನಮಗೂ ಅಪಾಯ. 1864ರಲ್ಲಿ ಬಾಡ್ ಶಾಂಡೌ ಊರಿನವರು ಫಾಲ್ಕೆನ್‌ಸ್ಟೈನ್ ಬಂಡೆ ಹತ್ತಿದಾಗಿನಿಂದ ಇಲ್ಲಿ ಹತ್ತುವವರು ಬೆಳೆಸಿಕೊಂಡು ಬಂದ ನಿಯಮಗಳನ್ನು ಅವನು ಒಂದೊಂದಾಗಿ ಹೇಳಿದ. ಕೈಗೆ ಸೀಮೆಸುಣ್ಣದ ಪುಡಿ ಹಚ್ಚುವಂತಿಲ್ಲ. ಬಿರುಕಿಗೆ ಲೋಹದ ಸಾಧನ ತುರುಕುವಂತಿಲ್ಲ. ಹಗ್ಗದ ಗಂಟನ್ನೇ ಬಿರುಕಿಗೆ ಸಿಕ್ಕಿಸಿ ಅದರ ಮೇಲೆ ಜೀವ ಇಟ್ಟು ಹತ್ತಬೇಕು. ತನ್ನ ಬ್ಯಾಗಿನಿಂದ ಅಂಥ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟ. ಮುಷ್ಟಿಯಷ್ಟು ದಪ್ಪ, ಸವೆದು ನುಣುಪಾಗಿತ್ತು.

ಹಾಗಾಗಿ ಕೋಟೆಗೆ ಹೋದೆವು. ಕ್ಯೋನಿಗ್‌ಸ್ಟೈನ್ ಕೋಟೆ ಚಪ್ಪಟೆ ಬೆಟ್ಟದ ನೆತ್ತಿಯ ಮೇಲೆ 9.5 ಹೆಕ್ಟೇರ್‌ನಲ್ಲಿ ಹರಡಿದೆ. ಯುದ್ಧ ಮಾಡಿ ಅದನ್ನು ಗೆದ್ದವರು ಯಾರೂ ಇಲ್ಲ. ಆದರೆ 1848ರಲ್ಲಿ ಸೆಬಾಸ್ಟಿಯನ್ ಅಬ್ರಾಟ್ಸ್‌ಕಿ ಅನ್ನುವ ಚಿಮಣಿ ಗುಡಿಸುವ ಹುಡುಗ ಬಂಡೆಯ ಬಿರುಕಿನಲ್ಲಿ ಬರಿಗೈಯಲ್ಲಿ ಹತ್ತಿ ಒಳಗೆ ಹೋಗಿ ಸಿಕ್ಕಿಬಿದ್ದ. 1942ರಲ್ಲಿ ಅಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ಜನರಲ್ ಆನ್ರಿ ಜಿರೋ ಹಗ್ಗ ಕಟ್ಟಿ ಇಳಿದು ಪಾರಾದ. ಈ ಕಥೆಗಳನ್ನು ಕೇಳಿ ಗೋಡೆಯ ಅಂಚಿನಲ್ಲಿ ಬಗ್ಗಿ ನೋಡಿದರೆ ಹೊಟ್ಟೆ ಕಲಸುತ್ತದೆ. ಒಳಗಿನ ಬಾವಿ 152.5 ಮೀಟರ್ ಆಳ, 16ನೇ ಶತಮಾನದಲ್ಲಿ ಗಣಿ ಕೆಲಸಗಾರರು ಬಂಡೆ ಕೊರೆದು ತೋಡಿದ್ದು. ನನ್ನ ಪ್ರಕಾರ ಕೋಟೆಯಲ್ಲಿ ನೋಡಲೇಬೇಕಾದ್ದು ಅದು. ಮ್ಯೂಸಿಯಂ ಬೇಕಿದ್ದರೆ ಬಿಡಿ. ಸ್ಟೂಡೆಂಟ್ ಕಾರ್ಡ್ ಇಟ್ಟುಕೊಂಡು ಹೋಗಿ, ಟಿಕೆಟ್ ಕಮ್ಮಿಗೆ ಸಿಗುತ್ತದೆ.

ಕೆಳಗೆ ಊರಿನಲ್ಲಿ ನದಿ ಪಕ್ಕದ ಗೋಡೆಗಳ ಮೇಲೆ ಪ್ರವಾಹದ ಗೆರೆಗಳಿವೆ. 2002ರ ಆಗಸ್ಟ್‌ದು ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಆ ಸಲ ಡ್ರೆಸ್ಡೆನ್‌ನಲ್ಲಿ ಎಲ್ಬೆಯ ಮಟ್ಟ 9.40 ಮೀಟರ್‌ಗೆ ಏರಿತ್ತು. ಕೇರಳದ ಗೆಳತಿ ಆ ಗೆರೆಯ ಕೆಳಗೆ ನಿಂತು ತನ್ನ ಮನೆಯ 2018ರ ಪ್ರವಾಹದ ಬಗ್ಗೆ ಹೇಳಿದಳು. ಎಲ್ಲರೂ ಸುಮ್ನೆ ಕೇಳಿದೆವು.

ಹೊರಡುವವರಿಗೆ ಇನ್ನೆರಡು ಮಾತು. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಕಾರ್ಡು ಎರಡೂ ಜೊತೆಗಿರಲಿ. ಇದು ಚೆಕ್ ಗಡಿಯ ಲೈನು, ರೈಲಿನಲ್ಲಿ ಪೊಲೀಸರು ನೋಡುವುದುಂಟು. ಕಾಡಿನಲ್ಲಿ ಬೆಂಕಿ, ಸಿಗರೇಟು ಬೇಡವೇ ಬೇಡ. ತೊಗಟೆ ಹುಳು ಹಿಡಿದು ಸತ್ತ ಮರಗಳು ಎಲ್ಲೆಡೆ ನಿಂತಿವೆ, 2022ರ ಜುಲೈನಲ್ಲಿ ಗಡಿಯ ಎರಡೂ ಕಡೆ ದೊಡ್ಡ ಕಾಳ್ಗಿಚ್ಚು ಆಗಿತ್ತು. ಗಾಳಿ ಜೋರಿದ್ದ ದಿನ ಅಂಥ ಮರಗಳ ಕೆಳಗೆ ನಿಲ್ಲಬೇಡಿ. ಮತ್ತೆ, ಹೋಗುವಾಗ ರೈಲಿನ ಎಡಗಡೆ ಕೂತುಕೊಳ್ಳಿ, ಬರುವಾಗ ಬಲಗಡೆ. ಪಿರ್ನಾದಿಂದ ಆಚೆ ನದಿ ಇರುವುದು ಆ ಕಡೆಗೇ.