ಚಿತ್ತೆ ಮಳೆ ಹಿಡಿದ ದಿನ ಸೊಪ್ಪಿನ ಬೆಟ್ಟದಲ್ಲಿ

ದಸರಾ ಮುಗಿದಿತ್ತು. ಇನ್ನು ಮಳೆ ಹೋಯ್ತು, ಅಂಗಳ ಕೆತ್ತಬಹುದು ಅಂದುಕೊಳ್ಳುವಷ್ಟರಲ್ಲಿ ಚಿತ್ತೆ ಮಳೆ ಹಿಡಿದುಕೊಂಡಿತು. ಬೆಳಿಗ್ಗೆ ಆರೂವರೆಗೆ ರೇನ್‌ಕೋಟ್ ಹಾಕಿ, ಕಾಲಿಗೆ ಉಂಬಳ (ಜಿಗಣೆ) ಹತ್ತದಂತೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿದೆ. ನಮ್ಮ ಶಿರಸಿ ಸೀಮೆಯಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟ ಕಾಡು ಇದು. ದಿನಾ ಓಡಾಡುವ ಜಾಗ. ನನ್ನ ಮಟ್ಟಿಗೆ ಹಕ್ಕಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮೊದಲೆಲ್ಲ ಮಳೆಯಲ್ಲೂ ನಡೆಯುತ್ತಲೇ ಇರುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಈಗ ಒಂದೇ ಕಡೆ ಕೂರುತ್ತೇನೆ. ಓರೆಯಾಗಿ ಬೆಳೆದ ಒಂದು ಹಲಸಿನ ಮರ ಇದೆ, ಅದರ ಬುಡದಲ್ಲಿ. ಕೊಡೆ ಬಿಚ್ಚುವುದಿಲ್ಲ, ಅದರ ಪಟಪಟ ಸದ್ದಿನಲ್ಲಿ ಸಣ್ಣ ಹಕ್ಕಿಗಳ ದನಿ ಕೇಳುವುದೇ ಇಲ್ಲ. ದುರ್ಬೀನನ್ನು ಕೋಟಿನೊಳಗೆ ಇಟ್ಟರೆ ಮೈಬಿಸಿಗೆ ಗಾಜು ಮಂಜಾಗುತ್ತದೆ. ಹೊರಗೇ ನೇತುಹಾಕಿ, ಮೇಲೊಂದು ಬಟ್ಟೆ ಮುಚ್ಚುತ್ತೇನೆ.

ಎಂಟರ ಸುಮಾರಿಗೆ ಮಳೆ ಹೊಳವಾಯಿತು. ಇದೇ ಹೊತ್ತಿಗೆ ಕಾಯಬೇಕು. ಹಸಿದ ಹಕ್ಕಿಗಳು ಒಟ್ಟಿಗೇ ಹೊರಬೀಳುತ್ತವೆ. ಆದರೆ ಮರದ ಹನಿ ನಿಂತಿರುವುದಿಲ್ಲ, ಎಲೆ ಅಲುಗಿದಲ್ಲೆಲ್ಲ ಹಕ್ಕಿ ಇದ್ದಂತೆ ಕಾಣುತ್ತದೆ. ಹನಿ ಬಿದ್ದರೆ ಒಂದು ಎಲೆ ಬಗ್ಗಿ ಮೇಲೇಳುತ್ತದೆ ಅಷ್ಟೆ. ಹಕ್ಕಿ ಹಾರಿದರೆ ಇಡೀ ಕಡ್ಡಿ ತೂಗುತ್ತದೆ. ಇದು ಕಣ್ಣಿಗೆ ರೂಢಿಯಾಗಲು ನನಗೆ ಎರಡು ಮಳೆಗಾಲ ಹಿಡಿಯಿತು.

ಮೊದಲು ಕೇಳಿದ್ದು ಭೀಮರಾಜನ ದನಿ, ಬಾಲದಲ್ಲಿ ಎರಡು ಉದ್ದ ಗರಿ ಇರುವ ಕಪ್ಪು ಹಕ್ಕಿ. ಅದು ಕೂಗಿತು ಅಂದರೆ ಹಿಂದೆ ಒಂದು ದಂಡೇ ಇರುತ್ತದೆ. ಕೆಂಪು ಚಿತ್ರಪಕ್ಷಿ, ಮರಕುಟಿಗ, ಉತ್ತರದಿಂದ ಆಗಷ್ಟೇ ಬಂದ ಉಲಿಯಕ್ಕಿ. ಅವು ಎಬ್ಬಿಸಿದ ಹುಳವನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತಾನೆ. ಆ ದಿನ ಬಂದವನ ಬಾಲದ ಉದ್ದ ಗರಿ ಎರಡೂ ಇರಲಿಲ್ಲ. ಹಣೆಯ ಜುಟ್ಟು ನೋಡಿ ಗುರುತಿಸಿದೆ.

ದಂಡು ದಾಟಿ ಹೋದ ಮೇಲೆ ಹತ್ತಡಿ ದೂರದಲ್ಲಿ ದರಕು ಸರಿದ ಸದ್ದು. ನವರಂಗ! ಮೋಟು ಬಾಲ, ಹಸಿರು ಬೆನ್ನು, ಕಣ್ಣಿಗೆ ದಪ್ಪ ಕಪ್ಪು ಪಟ್ಟಿ. ಕೊಕ್ಕಿನಿಂದ ಎಲೆ ಎತ್ತಿ ಪಕ್ಕಕ್ಕೆ ಎಸೆಯಿತು. ಕುಪ್ಪಳಿಸಿತು, ನಿಂತಿತು, ಮತ್ತೊಂದು ಎಲೆ. ಎರೆಹುಳ ಸಿಕ್ಕಿತು. ಎಳೆಯುವಾಗ ಬಗ್ಗಿದ್ದಕ್ಕೆ ಹೊಟ್ಟೆಯಡಿಯ ಕೆಂಪು ಪೂರ್ತಿ ಕಂಡಿತು. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ರಾತ್ರಿ ಹೊತ್ತು ಹಾರಿಕೊಂಡು ದಕ್ಷಿಣಕ್ಕೆ ಬರುವ ಹಕ್ಕಿ ಇದು. ಅಷ್ಟು ದೂರದಿಂದ ಬಂದು ನಮ್ಮ ದರಕು ಕೆದಕುತ್ತಿದೆ ಅಂದಾಗ ಗಂಟಲು ಕಟ್ಟಿತು. ದುರ್ಬೀನು ಎತ್ತಲಿಲ್ಲ, ಸುಮ್ನೆ ನೋಡಿದೆ. ಮತ್ತೆ ಮಳೆ ಬಿತ್ತು, ಅದು ಪೊದೆಯೊಳಗೆ ಸರಿಯಿತು.

ತಮಿಳಿನಲ್ಲಿ ನವರಂಗಕ್ಕೆ 'ಆರು ಗಂಟೆ ಹಕ್ಕಿ' ಅನ್ನುತ್ತಾರೆ, ಬೆಳಿಗ್ಗೆ ಸಂಜೆ ಆರರ ಸುಮಾರಿಗೆ ಕೂಗುತ್ತದೆ ಅಂತ. ಸಂಜೆ ಜಗುಲಿಯಲ್ಲಿ ಕೂತು ಕಾದೆ. ಆರಕ್ಕೆ ಇನ್ನೂ ಐದು ನಿಮಿಷ ಇತ್ತು, ಬೆಟ್ಟದ ಕಡೆಯಿಂದ ಎರಡು ಸ್ವರದ ಅದರ ಸಿಳ್ಳೆ ಕೇಳಿತು.